ಸಮಾಜವಿಜ್ಞಾನದಲ್ಲಿ ಎಂ.ಎ.: ಎರಡು ವರ್ಷ, ಒಂದು ಕಿರುಪ್ರಬಂಧ, ನಮ್ಮ ಭಾಗದ ಅಂಕಿಅಂಶ

ಎರಿಹೊಲ (ಸಿಂಧನೂರು):
ಎಲ್ಲರಿಗೂ ನಮಸ್ಕಾರ. ಬಿ.ಎ.ಯಲ್ಲಿ ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ ಓದಿ, ಈಗ ಎರಡು ವರ್ಷದ ಎಂ.ಎ. ಮಾಡಬೇಕು ಅನ್ನುವವರ ಪರವಾಗಿ ಮೂರು ಪ್ರಶ್ನೆ. ಕನ್ನಡ ಮಾಧ್ಯಮದವರು ಯಾವ ವಿಷಯ ಹಿಡಿಯಬೇಕು? ನಾಲ್ಕು ಸೆಮಿಸ್ಟರ್ ಹೆಂಗ ಹಂಚಿಕೊಳ್ಳಬೇಕು? ಕೊನೆಗೆ ಬರೆಯುವ ಕಿರುಪ್ರಬಂಧಕ್ಕೆ ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದ ರೈತರು ಅಥವಾ ಗುಳೆ (ದುಡಿಮೆಗೆ ಊರು ಬಿಟ್ಟು ಹೋಗೋದು), ಇವೆರಡರಲ್ಲಿ ಒಂದು ತಗೊಂಡರೆ ಅಂಕಿಅಂಶ ಎಲ್ಲಿ ಸಿಗುತ್ತದೆ?

ಹಗರಿದಂಡೆ (ಬಳ್ಳಾರಿ):
ಮೊದಲನೇ ಪ್ರಶ್ನೆಗೆ ಉತ್ತರ ಹೇಳ್ತೀನಿ. ಅರ್ಥಶಾಸ್ತ್ರ ಅಂದ್ರೆ ಬಿ.ಎ.ಯಲ್ಲಿ ಓದಿದ ಅರ್ಥಶಾಸ್ತ್ರ ಅಲ್ಲ. ಎಂ.ಎ. ಮೊದಲ ಸೆಮಿಸ್ಟರಿನ ಸೂಕ್ಷ್ಮ ಅರ್ಥಶಾಸ್ತ್ರದಲ್ಲೇ ಅವಕಲನ, ಅಂದರೆ ಬದಲಾವಣೆಯ ದರ ಲೆಕ್ಕ ಹಾಕುವ ಡಿಫರೆನ್ಷಿಯೇಷನ್, ಬರುತ್ತದೆ. ಅಂಚಿನ ವೆಚ್ಚ (ಇನ್ನೊಂದು ಘಟಕ ತಯಾರಿಸಲು ಬರುವ ಹೆಚ್ಚುವರಿ ವೆಚ್ಚ) ಅಂದರೆ ಒಟ್ಟು ವೆಚ್ಚದ ಅವಕಲನ ಅನ್ನೋದು ಗೊತ್ತಿಲ್ಲದೆ ಕೂತರೆ ಎರಡನೇ ವಾರದಿಂದಲೇ ಪಾಠ ಕೈಬಿಡುತ್ತದೆ. ಪಿಯುಸಿಯಲ್ಲಿ ಗಣಿತ ಇರದಿದ್ದವರು ತರಗತಿ ಶುರುವಾಗುವ ಮುಂಚೆ ಪಿಯುಸಿ ಗಣಿತ ಪುಸ್ತಕದ ಅವಕಲನ ಮತ್ತು ಮ್ಯಾಟ್ರಿಕ್ಸ್ ಅಧ್ಯಾಯಗಳನ್ನ ದಿನಕ್ಕೆ ಒಂದು ತಾಸಿನಂತೆ ಆರು ವಾರ ಮಾಡಿಕೊಳ್ಳಲಿ. ಅದಕ್ಕೆ ಸಿದ್ಧ ಇದ್ದರೆ ಅರ್ಥಶಾಸ್ತ್ರ ತಗೊಳ್ಳಲಿ, ಬೇರೆ ಯಾವ ಭಯವೂ ಬೇಡ.

ರಾಜ್ಯಶಾಸ್ತ್ರದಲ್ಲಿ ನಮ್ಮ ಭಾಗದವರಿಗೆ ಕೈಗೆಟಕುವ ವಸ್ತು ಬಹಳ ಇದೆ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಒಂದನ್ನೇ ತಗೊಳ್ರಿ: 98ನೇ ತಿದ್ದುಪಡಿ, 2013ರ ಆದೇಶಗಳು, ಪ್ರದೇಶದೊಳಗಿನ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ. 70 ಸೀಟು, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8. ಸಮಾಜಶಾಸ್ತ್ರದಲ್ಲಿ ಸಿದ್ಧಾಂತ ಕಷ್ಟ, ಕ್ಷೇತ್ರಕಾರ್ಯ ಸುಲಭ ಅನ್ನೋ ಮಾತಿದೆ. ಅದು ತಿರುವುಮುರುವು. ಸಿದ್ಧಾಂತವನ್ನ ಓದಿ ದಕ್ಕಿಸಿಕೊಳ್ಳಬಹುದು, ಕ್ಷೇತ್ರಕಾರ್ಯ ಕೆಟ್ಟರೆ ಸರಿಪಡಿಸಲು ಸಮಯ ಉಳಿದಿರೋದಿಲ್ಲ.

ಬೆಣಕಲ್ (ಗಂಗಾವತಿ):
ಎರಡನೇ ಪ್ರಶ್ನೆಗೆ. ನೋಡ್ರಿ, ನಾಕು ಸೆಮಿಸ್ಟರ್ ಅಂತ ಸಮ ಪಾಲು ಮಾಡಬ್ಯಾಡ್ರಿ. ಮೊದಲನೇದು ಪರಿಭಾಷೆಗೆ. ಒಂದು ದಪ್ಪ ನೋಟ್‌ಬುಕ್ ತಗೊಂಡು ಮೂರು ಕಾಲಂ ಹಾಕ್ರಿ: ಇಂಗ್ಲಿಷ್ ಪದ, ಕನ್ನಡ ಪದ, ನಮ್ಮೂರ ಉದಾಹರಣೆ. ಮೂರನೇ ಕಾಲಂ ಖಾಲಿ ಉಳೀತು ಅಂದ್ರ ಆ ಪರಿಕಲ್ಪನೆ ನಿಮಗ ತಿಳಿದಿಲ್ಲ ಅಂತ ಅರ್ಥ. ‘ಪ್ರಬಲ ಜಾತಿ’ ಅಂತ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಹೇಳಿದ್ದಕ್ಕ ಸಂಖ್ಯೆ, ಭೂಮಿ, ಸ್ಥಳೀಯ ಅಧಿಕಾರ ಎಲ್ಲಾ ಕೂಡಬೇಕು. ನಿಮ್ಮ ಹಳ್ಳಿಯೊಳಗ ಸಂಖ್ಯೆ ಒಬ್ಬರದು, ಭೂಮಿ ಇನ್ನೊಬ್ಬರದು ಆಗಿದ್ರ ಏನ್ ಹೇಳ್ತೀರಿ? ಆ ಪ್ರಶ್ನೆ ಬಂದಾಗ ಓದು ಶುರುವಾತು.

ಎರಡನೇ ಸೆಮಿಸ್ಟರ್ ಸಂಶೋಧನಾ ವಿಧಾನಕ್ಕ. ಆ ಪತ್ರಿಕೆ ನಿಮ್ಮಲ್ಲಿ ಮೂರನೇದ್ರಾಗ ಇದ್ರೂ ಎರಡನೇದ್ರಾಗ ಓದಿ ಮುಗಿಸ್ರಿ, ಯಾಕಂದ್ರ ಎರಡು ಮತ್ತು ಮೂರನೇ ಸೆಮಿಸ್ಟರ್ ನಡುವಿನ ರಜಾದಾಗ ವಿಷಯ ಗಟ್ಟಿ ಆಗಬೇಕು. ಮೂರನೇದ್ರಾಗ ಸಾರಲೇಖ (ಸಿನಾಪ್ಸಿಸ್) ಬರೆದು, ಅನುಸೂಚಿ (ಕೇಳಬೇಕಾದ ಪ್ರಶ್ನೆಗಳ ಪಟ್ಟಿ) ತಯಾರು ಮಾಡಿ, ಐದಾರು ಮನ್ಯಾಗ ಪ್ರಾಯೋಗಿಕವಾಗಿ ಕೇಳಿ ತಿದ್ದಿಕೊಳ್ರಿ. ನಾಕನೇದು ಬರೀ ಬರೆಯೋದಕ್ಕ ಉಳೀಬೇಕು. ಬಹಳ ಮಂದಿ ನಾಕನೇದ್ರಾಗ ವಿಷಯ ಹುಡುಕ್ತಾರ, ಅಲ್ಲೇ ಕೆಡೋದು.

ಕಾಲೇಜು ಉಪನ್ಯಾಸಕರ ಅರ್ಹತಾ ಪರೀಕ್ಷೆ ವಿಚಾರ: ರಾಜ್ಯದ ಕೆ-ಸೆಟ್ ಪ್ರಶ್ನೆಪತ್ರಿಕೆ ಕನ್ನಡ, ಇಂಗ್ಲಿಷ್ ಎರಡರಾಗೂ ಬರ್ತದ. ರಾಷ್ಟ್ರಮಟ್ಟದ ಯುಜಿಸಿ ನೆಟ್ ಇಂಗ್ಲಿಷ್, ಹಿಂದಿ ಮಾತ್ರ. ಎರಡೂ ಕಡೆ ಮೊದಲನೇ ಪತ್ರಿಕೆ 50 ಪ್ರಶ್ನೆ, ಎರಡನೇದು 100 ಪ್ರಶ್ನೆ, ಒಂದಕ್ಕ 2 ಅಂಕ, ತಪ್ಪಿಗೆ ಅಂಕ ಕಡಿತ ಇಲ್ಲ. ಹಂಗಾಗಿ ಒಂದೂ ಪ್ರಶ್ನೆ ಖಾಲಿ ಬಿಡಬಾರದು. ಎಂ.ಎ. ಕೊನೆ ವರ್ಷದಾಗ ಇದ್ದಾಗಲೇ ಬರೀಬಹುದು. ನೋಟ್‌ಬುಕ್ಕಿನ ಮೊದಲನೇ ಕಾಲಂ ಅವತ್ತು ಕೈ ಹಿಡೀತದ.

ದೋಆಬ್ (ರಾಯಚೂರು):
ಅಂಕಿಅಂಶದ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಬರೆಯಬೇಕು, ಏಕೆಂದರೆ ನಮ್ಮ ಮೂರು ಜಿಲ್ಲೆಗಳ (ರಾಯಚೂರು, ಕೊಪ್ಪಳ, ಬಳ್ಳಾರಿ) ಅಂಕಿಅಂಶದಲ್ಲಿ ಎಲ್ಲಕ್ಕಿಂತ ಹೆಚ್ಚು ತಪ್ಪು ಆಗುವುದು ಗಡಿಯಿಂದ.

ಹಳ್ಳಿಮಟ್ಟದ ಪೂರ್ಣ ಜನಗಣತಿ ಅಂಕಿ ಇಂದಿಗೂ 2011ರದೇ. ಜನಗಣತಿ ಇಲಾಖೆಯ ಜಾಲತಾಣದಲ್ಲಿ ಜಿಲ್ಲಾ ಜನಗಣತಿ ಕೈಪಿಡಿ ಉಚಿತವಾಗಿ ಸಿಗುತ್ತದೆ, ‘ಎ’ ಮತ್ತು ‘ಬಿ’ ಎಂದು ಎರಡು ಭಾಗ. ‘ಎ’ ಭಾಗದಲ್ಲಿ ಪ್ರತಿ ಹಳ್ಳಿಯ ಶಾಲೆ, ಆಸ್ಪತ್ರೆ, ಬಸ್ಸು, ನೀರಾವರಿ ಪ್ರದೇಶದ ವಿವರ. ‘ಬಿ’ ಭಾಗದಲ್ಲಿ ಜನಸಂಖ್ಯೆ, ಸಾಕ್ಷರರು, ಕೆಲಸಗಾರರು.

ಈಗ ಗಡಿ. ಕೊಪ್ಪಳ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅದಕ್ಕೂ ಮೊದಲಿನ ಗಣತಿಯಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ರಾಯಚೂರಿನೊಳಗೆ ಇವೆ. 1991ರ ರಾಯಚೂರನ್ನು 2001ರ ರಾಯಚೂರಿಗೆ ನೇರ ಹೋಲಿಸಿ ‘ಜನಸಂಖ್ಯೆ ಕುಸಿದಿದೆ’ ಎಂದು ಬರೆದ ಪ್ರಬಂಧಗಳಿವೆ. ಹಾಗೆ ಬರೆಯಬೇಡಿ. ಆ ನಾಲ್ಕು ತಾಲ್ಲೂಕುಗಳನ್ನು 1991ರ ಅಂಕಿಯಿಂದ ಕಳೆದು ಹೋಲಿಸಬೇಕು. ಇನ್ನೂ ಹಿಂದೆ, 1951ಕ್ಕೆ ಹೋದರೆ ಗದ್ವಾಲ, ಆಲಂಪುರ ಕೂಡ ರಾಯಚೂರು ಜಿಲ್ಲೆಯಲ್ಲೇ ಇದ್ದವು, 1956ರಲ್ಲಿ ಆಂಧ್ರಕ್ಕೆ ಹೋದವು.

ಬಳ್ಳಾರಿ ಇದಕ್ಕಿಂತ ತೊಡಕು. ವಿಜಯನಗರ ಜಿಲ್ಲೆ ಆದದ್ದು 2021ರಲ್ಲಿ. 2011ರ ಬಳ್ಳಾರಿಯ 24,52,595 ಜನಸಂಖ್ಯೆಯಲ್ಲಿ ಹೊಸಪೇಟೆ, ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ ಸೇರಿವೆ. ಆದರೆ ಹರಪನಹಳ್ಳಿ ಸೇರಿಲ್ಲ, ಅದು ಆಗ ದಾವಣಗೆರೆಯಲ್ಲಿತ್ತು. ಹಾಗಾಗಿ ಇಂದಿನ ವಿಜಯನಗರ ಜಿಲ್ಲೆಯ 2011ರ ಅಂಕಿ ಬೇಕೆಂದರೆ ಎರಡು ಜಿಲ್ಲೆಗಳ ಕೈಪಿಡಿ ತೆರೆಯಬೇಕು. ಅಷ್ಟಕ್ಕೇ ಮುಗಿಯುವುದಿಲ್ಲ. ಕಂಪ್ಲಿ 2011ರಲ್ಲಿ ಹೊಸಪೇಟೆ ತಾಲ್ಲೂಕಿನೊಳಗೆ ಇತ್ತು, ಈಗ ಬಳ್ಳಾರಿ ಜಿಲ್ಲೆಯ ತಾಲ್ಲೂಕು. ಇಡೀ ಹೊಸಪೇಟೆ ತಾಲ್ಲೂಕನ್ನು ಕಳೆದರೆ ಕಂಪ್ಲಿಯೂ ಹೋಗಿಬಿಡುತ್ತದೆ.

ಕಾರಟಗಿ, ಕನಕಗಿರಿಯನ್ನು 2011ರ ಗಂಗಾವತಿಯಲ್ಲಿ ಹುಡುಕಿ, ಕುಕನೂರನ್ನು ಯಲಬುರ್ಗಾದಲ್ಲಿ. ಮಸ್ಕಿ, ಸಿರವಾರದ ಹಳ್ಳಿಗಳು ಒಂದಕ್ಕಿಂತ ಹೆಚ್ಚು ಹಳೇ ತಾಲ್ಲೂಕುಗಳಲ್ಲಿ ಚದುರಿವೆ. ಇವಕ್ಕೆಲ್ಲ ಒಂದೇ ದಾರಿ: 2011ರ ಗಣತಿಯಲ್ಲಿ ಪ್ರತಿ ಹಳ್ಳಿಗೂ ಆರಂಕಿಯ ಸಂಕೇತ ಇದೆ. ಹೊಸ ತಾಲ್ಲೂಕಿನ ಹಳ್ಳಿಗಳ ಪಟ್ಟಿಯನ್ನು ಅಧಿಸೂಚನೆಯಿಂದ ತೆಗೆದು, ಆ ಸಂಕೇತಗಳನ್ನು ಹೊಂದಿಸಿ, ಹಳ್ಳಿ ಹಳ್ಳಿಯಾಗಿ ಕೂಡಿಸಿ. ಹೆಸರಿನಿಂದ ಹೊಂದಿಸಬೇಡಿ. ಒಂದೇ ಹೆಸರಿನ ಹಳ್ಳಿಗಳು ನಮ್ಮಲ್ಲಿ ಬೇಕಾದಷ್ಟಿವೆ, ಇಂಗ್ಲಿಷ್ ಕಾಗುಣಿತವಂತೂ ಒಂದೊಂದು ಕಡತದಲ್ಲಿ ಒಂದೊಂದು ಥರ.

ಕೊನೆಯದಾಗಿ, ಪ್ರಾದೇಶಿಕ ಅಸಮತೋಲನ ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ. 2002ರ ಆ ವರದಿ 35 ಸೂಚಕ ಬಳಸಿ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವು ಎಂದು ಗುರುತಿಸಿತು: 39 ಅತ್ಯಂತ ಹಿಂದುಳಿದ, 40 ಹೆಚ್ಚು ಹಿಂದುಳಿದ, 35 ಹಿಂದುಳಿದ. ಆ ಪಟ್ಟಿಯಲ್ಲಿ ಹೊಸ ತಾಲ್ಲೂಕುಗಳು ಇರಲು ಸಾಧ್ಯವೇ ಇಲ್ಲ. ‘ನಂಜುಂಡಪ್ಪ ವರದಿಯ ಪ್ರಕಾರ ಮಸ್ಕಿ ತಾಲ್ಲೂಕು’ ಎಂದು ಬರೆದರೆ ಮೌಖಿಕ ಪರೀಕ್ಷೆಯಲ್ಲಿ ಮೊದಲ ಪ್ರಶ್ನೆ ಅಲ್ಲಿಂದಲೇ ಬರುತ್ತದೆ.

ಎರಿಹೊಲ:
ಬಹಳ ಉಪಕಾರ ಆಯಿತು ಸರ್. ಒಂದು ಅನುಮಾನ. ಗಣತಿಯ ಕಡತದಿಂದ ರಾಯಚೂರು ಜಿಲ್ಲೆಯ ಸಾಕ್ಷರತೆ ಲೆಕ್ಕ ಹಾಕಿದರೆ ಶೇ. 50ರ ಆಚೀಚೆ ಬರುತ್ತಿದೆ. ಎಲ್ಲ ಕಡೆ 59.56 ಅಂತ ಇದೆ. ಕಡತವೇ ತಪ್ಪಾ?

ದೋಆಬ್:
ಕಡತ ಸರಿಯಿದೆ, ಭಾಗಿಸಿದ್ದು ತಪ್ಪು. ಸಾಕ್ಷರತೆಯನ್ನು 7 ವರ್ಷ ಮತ್ತು ಮೇಲ್ಪಟ್ಟವರ ಮೇಲೆ ಲೆಕ್ಕ ಹಾಕುತ್ತಾರೆ. ಒಟ್ಟು ಜನಸಂಖ್ಯೆಯಿಂದ 0–6 ವಯಸ್ಸಿನ ಕಾಲಂ ಕಳೆದು, ಉಳಿದದ್ದರಿಂದ ಸಾಕ್ಷರರನ್ನು ಭಾಗಿಸಿ. 59.56 ಬಂದರೆ ನಿಮ್ಮ ಸೂತ್ರ ಸರಿ ಎಂದರ್ಥ. ಆಮೇಲೆ ಅದೇ ಸೂತ್ರವನ್ನು ಹಳ್ಳಿಗಳಿಗೆ ಎಳೆಯಿರಿ. ಕೊಪ್ಪಳಕ್ಕೆ 68.09, ಬಳ್ಳಾರಿಗೆ 67.43, ರಾಜ್ಯಕ್ಕೆ 75.36 ಬರಬೇಕು. ಗೊತ್ತಿರುವ ಉತ್ತರದ ಮೇಲೆ ಮೊದಲು ಸೂತ್ರ ಪರೀಕ್ಷಿಸುವ ಅಭ್ಯಾಸವನ್ನು ದಯವಿಟ್ಟು ಬಿಡಬೇಡಿ.

ತೂಬು (ಮಾನ್ವಿ):
ಕಾಲುವೆ ಕೆಳಭಾಗದ ವಿಷಯಕ್ಕೆ ಬರೋಣ. ‘ಮೇಲ್ಭಾಗದ ಗಂಗಾವತಿ, ಕೆಳಭಾಗದ ಮಾನ್ವಿ’ ಅಂತ ಎರಡು ತಾಲ್ಲೂಕು ಹೋಲಿಸುವ ಯೋಚನೆ ಎಲ್ಲರಿಗೂ ಮೊದಲು ಬರೋದು. ಅದು ಒಳ್ಳೆಯ ವಿನ್ಯಾಸ ಅಲ್ಲ. ಎಡದಂಡೆ ಮುಖ್ಯ ಕಾಲುವೆ 227 ಕಿ.ಮೀ. ಉದ್ದ. ಎರಡು ತುದಿಯ ನಡುವೆ ಮಣ್ಣು ಬೇರೆ, ಮಾರುಕಟ್ಟೆ ಬೇರೆ, ಅಕ್ಕಿ ಗಿರಣಿಗಳ ಸಂಖ್ಯೆ ಬೇರೆ, ಕ್ಯಾಂಪುಗಳಿಗೆ (ಕಾಲುವೆ ಭಾಗದ ವಲಸಿಗರ ಊರುಗಳಿಗೆ) ವಲಸೆ ಬಂದು ನೆಲೆಸಿದವರ ಪ್ರಮಾಣ ಬೇರೆ. ವ್ಯತ್ಯಾಸ ಕಂಡರೂ ಅದು ನೀರಿನಿಂದಲೇ ಬಂತು ಅಂತ ಹೇಳೋಕೆ ಆಗೋದಿಲ್ಲ. ಅದರ ಬದಲು ಒಂದೇ ಉಪಕಾಲುವೆ ಹಿಡೀರಿ. ಅದರ ಮೊದಲ ತೂಬುಗಳ ಕೆಳಗಿನ ಒಂದು ಹಳ್ಳಿ, ಕೊನೆ ತೂಬುಗಳ ಕೆಳಗಿನ ಒಂದು ಹಳ್ಳಿ. ಮಣ್ಣು, ಸಂತೆ, ಬಸ್ಸು ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ಎರಡೂ ಊರಿಗೆ ಒಂದೇ ಬಸ್ಸಿನಲ್ಲಿ ಹೋಗಿ ಬರಬಹುದು ಅನ್ನೋದು ಚಿಕ್ಕ ಲಾಭ ಅಲ್ಲ.

ಹಿನ್ನೆಲೆಗೆ ನಾಲ್ಕು ಸಾಲು ಸಾಕು: ಈ ಯೋಜನೆಯ ಬೆಳೆ ನಿಗದಿಯಲ್ಲಿ ಬಹುಪಾಲು ಜೋಳ, ಹತ್ತಿ, ಶೇಂಗಾದಂಥ ಮಿತನೀರಿನ ಬೆಳೆ ಇತ್ತು, ಮೇಲ್ಭಾಗದಲ್ಲಿ ಭತ್ತ ಹರಡಿತು, ಕೆಳಭಾಗಕ್ಕೆ ನೀರು ಮುಟ್ಟುವುದು ಕಷ್ಟವಾಯಿತು. ನೀರು ಬಿಡುವ ದಿನಾಂಕ ನೀರಾವರಿ ಸಲಹಾ ಸಮಿತಿ ಸಭೆಯಲ್ಲಿ ತೀರ್ಮಾನ ಆಗುತ್ತದೆ. ಆ ನಡಾವಳಿ, ಗೇಜ್ ಓದುವಿಕೆಯ (ಕಾಲುವೆ ನೀರಿನ ಮಟ್ಟ ಅಳೆದ) ದಾಖಲೆ ಎರಡನ್ನೂ ಕೇಳಿ ಪಡೀರಿ. 2024ರ ಆಗಸ್ಟ್ 10ರಂದು ಜಲಾಶಯದ 19ನೇ ಗೇಟು ಕೊಚ್ಚಿಹೋಯಿತಲ್ಲ, ಆ ವರ್ಷವನ್ನು ‘ಸಾಮಾನ್ಯ ವರ್ಷ’ ಅಂತ ಆಧಾರವಾಗಿ ಇಟ್ಟುಕೊಳ್ಳಬೇಡಿ.

ಪ್ರಶ್ನೆ ಕೇಳೋ ರೀತಿ: ‘ನಿಮಗೆ ನೀರು ಸಾಕಷ್ಟು ಬರುತ್ತದೆಯೇ?’ ಅಂದರೆ ಕೆಳಭಾಗದಲ್ಲಿ 30ಕ್ಕೆ 30 ಜನ ಇಲ್ಲ ಅಂತಾರೆ, ಅದರಿಂದ ಏನೂ ತಿಳಿಯಲ್ಲ. ‘ಹೋದ ವರ್ಷ ಎರಡನೇ ಬೆಳೆ ಹಾಕಿದ್ರಾ, ಎಷ್ಟು ಎಕರೆ, ಎಷ್ಟು ಸಲ ನೀರು ಹಾಯಿಸಿದ್ರಿ, ಕೊನೆ ನೀರು ಯುಗಾದಿಗಿಂತ ಮುಂಚೆಯೋ ಆಮೇಲೋ?’ ಅಂತ ಕೇಳ್ರಿ. ದಿನಾಂಕ ನೆನಪಿರಲ್ಲ, ಹಬ್ಬ ನೆನಪಿರುತ್ತದೆ.

ಇನ್ನೊಂದು ದೊಡ್ಡ ಅಡಚಣೆ ಲಾವಣಿ, ಅಂದರೆ ಬೇರೆಯವರ ಹೊಲ ಗೇಣಿಗೆ ಮಾಡೋದು. ಹೊಲ ಮಾಡೋರು ಒಬ್ಬರು, ಪಹಣಿಯಲ್ಲಿ ಹೆಸರು ಇನ್ನೊಬ್ಬರದು. 1974ರ ಭೂಸುಧಾರಣೆ ನಂತರ ಗೇಣಿಗೆ ಕೊಡೋದು ಕಾನೂನಿನಲ್ಲಿ ನಿಷೇಧ, ಹಾಗಾಗಿ ಮಾಲೀಕರೂ ಹೇಳಲ್ಲ, ಲಾವಣಿ ಮಾಡೋರೂ ಹೇಳಲ್ಲ. ಪಹಣಿ ಪಟ್ಟಿ ಹಿಡಿದು ಮಾದರಿ ಆರಿಸಿದರೆ ಲಾವಣಿ ರೈತರು ಪೂರ್ತಿ ಬಿಟ್ಟುಹೋಗ್ತಾರೆ. ‘ಈ ಸಲ ಈ ಹೊಲದಲ್ಲಿ ಬೀಜ, ಗೊಬ್ಬರದ ಖರ್ಚು ಯಾರದು?’ ಅಂತ ಕೇಳಿದರೆ ಹೆಸರು ಹಿಡಿಯದೆ ವಿಷಯ ಗೊತ್ತಾಗುತ್ತದೆ.

ಕಿನ್ನಾಳ (ಕೊಪ್ಪಳ):
ಗುಳೆ ವಿಷಯ ತಗೊಳ್ಳೋರಿಗೆ. ಗುಳೆ ಹೋಗೋದು ಸುಗ್ಗಿ ಮುಗಿದ ಮ್ಯಾಲೆ, ವಾಪಸ್ ಬರೋದು ಮುಂಗಾರು ಬಿತ್ತಿಗಿ ಹೊತ್ತಿಗೆ. ನಿಮ್ಮ ಸಮೀಕ್ಷೆ ಫೆಬ್ರವರಿ, ಮಾರ್ಚಿನ್ಯಾಗ ಬಿತ್ತು ಅಂದ್ರ ತಾಂಡಾದಾಗ ಸಿಗೋರು ಮುದುಕರು ಮತ್ತ ಅವರ ಹತ್ರ ಬಿಟ್ಟು ಹೋದ ಮಕ್ಕಳು. ಅದು ಉಳಿದವರ ಅಧ್ಯಯನ ಆಗ್ತದ, ಹೋದವರದ್ದಲ್ಲ. ಜೂನ್, ಜುಲೈದಾಗ ಒಂದು ಸುತ್ತು, ಯುಗಾದಿ ಇಲ್ಲಾ ಊರ ಜಾತ್ರಿಗೆ ಬಂದಾಗ ಇನ್ನೊಂದು ಸುತ್ತು ಮಾಡ್ರಿ. ಬೀಗ ಹಾಕಿದ ಮನಿ ಸಿಕ್ರ ಬಾಜೂ ಮನಿಗೆ ಹೋಗಿ ಲೆಕ್ಕ ತುಂಬಿಸಬ್ಯಾಡ್ರಿ. ಬೀಗ ಹಾಕಿದ್ದೇ ನಿಮಗ ಬೇಕಾದ ಮಾಹಿತಿ. ಅದನ್ನ ಬರಕೊಂಡು ಮತ್ತೆ ಬರ್ರಿ.

ಮಾದರಿ ತೆಗೆಯೋ ಕ್ರಮ: ಮತದಾರರ ಪಟ್ಟಿ ಸುಲಭಕ್ಕ ಸಿಗ್ತದ, ಆದ್ರ ಅದು ವ್ಯಕ್ತಿಗಳ ಪಟ್ಟಿ, ಮನಿಗಳದ್ದಲ್ಲ. ಆರು ಮತದಾರರು ಇರೋ ಮನಿಗೆ ಎರಡು ಮತದಾರರು ಇರೋ ಮನಿಗಿಂತ ಮೂರು ಪಟ್ಟು ಅವಕಾಶ ಸಿಕ್ಕಂಗಾಗ್ತದ. ಅಂಗನವಾಡಿ ಕುಟುಂಬ ನೋಂದಣಿ ಪುಸ್ತಕ ಇದಕ್ಕಿಂತ ಚಲೋ, ಇಲ್ಲಾಂದ್ರ ಉದ್ಯೋಗ ಖಾತ್ರಿ ಜಾಬ್ ಕಾರ್ಡ್ ಪಟ್ಟಿ. 420 ಮನಿ ಅದಾವು, 60 ಬೇಕು ಅಂದ್ರ 420ನ್ನ 60ರಿಂದ ಭಾಗಿಸಿದ್ರ 7. ಒಂದರಿಂದ ಏಳರೊಳಗ ಚೀಟಿ ಎತ್ರಿ. 4 ಬಂತಾ? 4, 11, 18, 25 ಹಂಗ ಹೋಗ್ರಿ.

ಮತ್ತ ಒಂದು ಪದ ಸರಿ ಬರೀರಿ. ನೀವೇ ಕೇಳಿ ನೀವೇ ತುಂಬಿದ್ದು ‘ಸಂದರ್ಶನ ಅನುಸೂಚಿ’. ಉತ್ತರ ಕೊಡೋರು ತಾವೇ ಓದಿ ತುಂಬಿದ್ರ ಮಾತ್ರ ‘ಪ್ರಶ್ನಾವಳಿ’. ಓದು ಬರದ ಕೂಲಿಕಾರರಿಗೆ ಪ್ರಶ್ನಾವಳಿ ಕೊಟ್ಟೆ ಅಂತ ಬರೆದ್ರ ಪರೀಕ್ಷಕರು ಮುಂದಿನ ಪುಟ ನಂಬೋದಿಲ್ಲ.

ಹಗರಿದಂಡೆ:
60 ಮನೆ ಅಂದ ಮೇಲೆ ಕೈ ವರ್ಗ ಪರೀಕ್ಷೆ (ಕೈ-ಸ್ಕ್ವೇರ್, ಗುಂಪುಗಳ ನಡುವಿನ ವ್ಯತ್ಯಾಸ ಆಕಸ್ಮಿಕವೋ ಅಲ್ಲವೋ ನೋಡುವ ಲೆಕ್ಕ) ಬಗ್ಗೆ ಹೇಳಲೇಬೇಕು. ಐದು ಜಾತಿ ಗುಂಪು, ಐದು ಆದಾಯ ಗುಂಪು ಮಾಡಿದರೆ 25 ಕೋಶ. 60ನ್ನ ಹಂಚಿದರೆ ಒಂದಕ್ಕೆ ಸರಾಸರಿ 2.4. ನಿರೀಕ್ಷಿತ ಸಂಖ್ಯೆ (ವ್ಯತ್ಯಾಸವೇ ಇಲ್ಲ ಅಂದುಕೊಂಡರೆ ಆ ಕೋಶಕ್ಕೆ ಬರಬೇಕಾದದ್ದು) 5ಕ್ಕಿಂತ ಕಡಿಮೆ ಇರುವ ಕೋಶಗಳೇ ಹೆಚ್ಚಾದರೆ ಈ ಪರೀಕ್ಷೆಯನ್ನ ನಂಬುವಂತಿಲ್ಲ. ಗುಂಪುಗಳನ್ನ ಕೂಡಿಸಿ, ಎರಡು ಅಡ್ಡಸಾಲು, ಎರಡು ಕಂಬಸಾಲಿಗೆ ತರ್ರಿ.

ಬರೀ ಲೆಕ್ಕ ತೋರಿಸಲಿಕ್ಕೆ ಒಂದು ಕಾಲ್ಪನಿಕ ಉದಾಹರಣೆ: ಮೇಲಿನ ಹಳ್ಳಿ 30 ಮನೆ, ಎರಡನೇ ಬೆಳೆ ಹಾಕಿದವರು 22, ಹಾಕದವರು 8. ಕೆಳಗಿನ ಹಳ್ಳಿ 30, ಹಾಕಿದವರು 10, ಹಾಕದವರು 20. ಅಡ್ಡ ಗುಣಿಸಿ: 22×20 = 440, 8×10 = 80, ವ್ಯತ್ಯಾಸ 360, ಅದರ ವರ್ಗ 1,29,600. ಇದನ್ನ 60ರಿಂದ ಗುಣಿಸಿ. ಬಂದದ್ದನ್ನ 30×30×32×28, ಅಂದರೆ 8,06,400ರಿಂದ ಭಾಗಿಸಿ. ಉತ್ತರ 9.64. ಸ್ವಾತಂತ್ರ್ಯಾಂಶ (ಡಿಗ್ರೀಸ್ ಆಫ್ ಫ್ರೀಡಂ) 1, ಶೇ. 5ರ ಮಟ್ಟದಲ್ಲಿ ಕೋಷ್ಟಕದ ಬೆಲೆ 3.84. ನಮ್ಮದು ದೊಡ್ಡದು, ಹಾಗಾಗಿ ಈ ವ್ಯತ್ಯಾಸವನ್ನ ಆಕಸ್ಮಿಕ ಅಂತ ತಳ್ಳಿಹಾಕೋಕೆ ಆಗಲ್ಲ. ಇಷ್ಟನ್ನ ಕೈಯಲ್ಲೇ ಮಾಡಿ ತೋರಿಸಬಲ್ಲವರಿಗೆ ಮೌಖಿಕ ಪರೀಕ್ಷೆಯ ಭಯ ಇರಲ್ಲ. ಸಾಫ್ಟ್‌ವೇರ್ ಕೊಟ್ಟ ಹತ್ತು ಪುಟದ ಕೋಷ್ಟಕ ಅಂಟಿಸಿ, ಒಂದನ್ನೂ ವಿವರಿಸಲಾಗದೆ ನಿಲ್ಲೋದು ಬೇಡ. ಮತ್ತೆ, 60 ಜನರಲ್ಲಿ ‘ಶೇ. 63.33’ ಅಂತ ಬರೆಯೋದಕ್ಕಿಂತ ‘60ರಲ್ಲಿ 38’ ಅನ್ನೋದು ಹೆಚ್ಚು ಪ್ರಾಮಾಣಿಕ.

ಸಂಗನಕಲ್ಲು (ಬಳ್ಳಾರಿ):
ಇತಿಹಾಸ ಎಂ.ಎ. ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಮೂರು ಜಿಲ್ಲೆಯ ದಾಖಲೆಗಳು ಒಂದೇ ಕಡೆ ಇಲ್ಲ ಅನ್ನುವುದನ್ನು ವಿಷಯ ಆರಿಸುವ ಮುಂಚೆ ಯೋಚಿಸಬೇಕು. ಬಳ್ಳಾರಿ 1800ರಿಂದ ಕಂಪನಿ ಆಡಳಿತದಲ್ಲಿತ್ತು, ಮದ್ರಾಸ್ ಪ್ರಾಂತ್ಯದ ಜಿಲ್ಲೆಯಾಗಿ ಮುಂದುವರಿದು, 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರಿತು. ಕಂದಾಯ ಮತ್ತು ಬರಗಾಲದ ಕಡತಗಳು ಚೆನ್ನೈನ ಪತ್ರಾಗಾರದಲ್ಲಿ, ಇಂಗ್ಲಿಷಿನಲ್ಲಿ. ರಾಯಚೂರು ಮತ್ತು ಕೊಪ್ಪಳ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು, ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಾಗೀರು. ಆ ಕಡತಗಳು ಹೈದರಾಬಾದಿನಲ್ಲಿ, ಬಹುಪಾಲು ಉರ್ದು ಮತ್ತು ಪರ್ಷಿಯನ್‌ನಲ್ಲಿ. ಉರ್ದು ಓದಲು ಬರದವರು ನಿಜಾಮರ ಕಾಲದ ರಾಯಚೂರಿನ ಕಂದಾಯ ವ್ಯವಸ್ಥೆ ಎಂದು ವಿಷಯ ಇಟ್ಟುಕೊಂಡರೆ ಎರಡು ವರ್ಷದಲ್ಲಿ ಮುಗಿಯುವುದಿಲ್ಲ. ಸಂಡೂರು 1949ರವರೆಗೆ ಪ್ರತ್ಯೇಕ ಸಂಸ್ಥಾನ, ಅದನ್ನು ಬಳ್ಳಾರಿ ಕಡತದಲ್ಲಿ ಹುಡುಕಿ ದಿನ ಕಳೆಯಬೇಡಿ.

ಚೆನ್ನೈಗೆ ಹೋಗಲಾಗದವರು ಬಳ್ಳಾರಿ ಜಿಲ್ಲೆಯ ಬಗೆಗಿನ 1872ರ ಕೆಲ್ಸಾಲ್ ಕೈಪಿಡಿ ಮತ್ತು 1904ರ ಫ್ರಾನ್ಸಿಸ್ ಗೆಜೆಟಿಯರ್ ಪಕ್ಕಪಕ್ಕ ಇಟ್ಟು ಓದಲಿ. 1876–78ರ ದೊಡ್ಡ ಬರ ಈ ಎರಡರ ನಡುವೆ ಬರುತ್ತದೆ. ಬರದ ಮುಂಚಿನ ಮತ್ತು ಬರದ ನಂತರದ ಬಳ್ಳಾರಿಯನ್ನು ಜನಸಂಖ್ಯೆ, ಕೆರೆ, ಬೆಳೆ ಎಂಬ ಮೂರೇ ಅಂಶಗಳಲ್ಲಿ ಹೋಲಿಸಿದರೂ ಒಂದು ಗಟ್ಟಿ ಕಿರುಪ್ರಬಂಧ ಆಗುತ್ತದೆ.

ತೂಬು:
ದಾಖಲೆ ಕೇಳೋ ವಿಧಾನ ಬಿಟ್ಟಿದ್ದೆ. ಮೊದಲು ವಿಭಾಗದ ಮುಖ್ಯಸ್ಥರ ಪತ್ರ ಹಿಡಿದು ನೇರ ಕೇಳ್ರಿ, ಪಿಡಿಒ (ಗ್ರಾಮ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಬಹಳಷ್ಟು ಸಲ ಅಷ್ಟಕ್ಕೇ ಕೊಡ್ತಾರೆ. ಕೊಡದಿದ್ದರೆ ಮಾಹಿತಿ ಹಕ್ಕು: ಶುಲ್ಕ 10 ರೂಪಾಯಿ, ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು, ಉತ್ತರಕ್ಕೆ 30 ದಿನ. ‘ಸಂಪೂರ್ಣ ಮಾಹಿತಿ ಒದಗಿಸಿ’ ಅಂತ ಬರೆದರೆ ವಾಪಸ್ ಬರುತ್ತದೆ. ‘ಇಂಥ ಉಪಕಾಲುವೆಯ ಇಂಥ ತಿಂಗಳಿಂದ ಇಂಥ ತಿಂಗಳವರೆಗಿನ ದೈನಂದಿನ ಗೇಜ್ ವಹಿಯ ನಕಲು’ ಅಂತ ದಾಖಲೆಯ ಹೆಸರೇ ಬರೀರಿ. ಮೇಲ್ಮನವಿಗೆ ಹೋದರೆ ಇನ್ನೊಂದು ತಿಂಗಳು, ಒಂದೂವರೆ ತಿಂಗಳು ಹೋಗುತ್ತದೆ, ಹಾಗಾಗಿ ಮೂರನೇ ಸೆಮಿಸ್ಟರ್ ಶುರುವಿನಲ್ಲೇ ಹಾಕಬೇಕು.

ನೆಲ್ಲು (ಸಿರುಗುಪ್ಪ):
ದೇವದಾಸಿ ಮಹಿಳೆಯರ ಬಗ್ಗೆ ಪ್ರಬಂಧ ಮಾಡುವವರು ನಮ್ಮ ಭಾಗದಲ್ಲಿ ಬಹಳ. ಅವರಲ್ಲಿ ಒಂದು ಕಳಕಳಿಯ ವಿನಂತಿ. ದೇವದಾಸಿಯಾಗಿ ಸಮರ್ಪಿಸುವುದು ಕಾನೂನಿನ ಪ್ರಕಾರ ಅಪರಾಧ. ನೀವು ಬರೆದ ಹೆಸರು, ಹಾಕಿದ ಫೋಟೋ ಆ ಮನೆಯ ಮಗಳ ಮದುವೆಗೆ, ಶಾಲೆಗೆ ಅಡ್ಡ ಬರಬಹುದು. ಹೆಸರು ಬದಲಿಸಿದರೆ ಸಾಲದು. ‘ಇಂಥ ಹಳ್ಳಿಯ, ಅಂಗನವಾಡಿ ಸಹಾಯಕಿ, 42 ವರ್ಷ’ ಅಂದರೆ ಊರಿನವರಿಗೆಲ್ಲ ಗೊತ್ತಾಗುತ್ತದೆ. ಹಳ್ಳಿಯ ಹೆಸರನ್ನೂ ಬದಲಿಸಿ, ವಯಸ್ಸನ್ನು 40–45 ಎಂದು ಬರೆಯಿರಿ. ಸಂದರ್ಶನವನ್ನು ನಡುವೆ ನಿಲ್ಲಿಸುವ ಹಕ್ಕು ಅವರಿಗಿದೆ ಎಂದು ಶುರುವಿನಲ್ಲೇ ಹೇಳಬೇಕು. ಅಧ್ಯಯನಕ್ಕೆ ಅದು ಬೇಡವೇ ಬೇಡ ಎನ್ನುವಂಥ ಪ್ರಶ್ನೆ ಇದ್ದರೆ ಕೇಳದೇ ಬಿಡಿ.

ಬೆಣಕಲ್:
ಟೈಪಿಂಗ್ ಬಗ್ಗೆ ಎರಡು ಮಾತು. ಡಿಟಿಪಿ ಅಂಗಡಿಯವರು ಹಳೇ ನುಡಿ ಫಾಂಟಿನ್ಯಾಗ ಹೊಡೀತಾರ. ಆಮ್ಯಾಲೆ ಯುನಿಕೋಡ್‌ಗೆ ಪರಿವರ್ತನೆ ಮಾಡಿದ್ರ ಅರ್ಕಾವತ್ತು, ಒತ್ತಕ್ಷರ ಕೆಡ್ತಾವು, ನಡುವೆ ಬಂದ ಇಂಗ್ಲಿಷ್ ಪದ ಮತ್ತ ಚಿಹ್ನೆಗಳು ಕಲಸಿಹೋಗ್ತಾವು. ಮೊದಲನೇ ಪುಟದಿಂದಲೇ ಯುನಿಕೋಡ್‌ದಾಗ ಹೊಡಿಸ್ರಿ. ಕೋಷ್ಟಕಗಳನ್ನ ನೀವೇ ಹೊಡೀರಿ. ಅಂಗಡಿಯೊಳಗ 3 ಹೋಗಿ 8 ಆದದ್ದು ಬೈಂಡ್ ಆದ ಮ್ಯಾಲೆ ಕಾಣ್ತದ. ಎಡಗಡೆ ಒಂದೂವರೆ ಇಂಚು ಬಿಡ್ರಿ, ಇಲ್ಲಾಂದ್ರ ಬೈಂಡಿಂಗ್‌ದಾಗ ಮೊದಲ ಅಕ್ಷರ ಮುಚ್ಚಿಹೋಗ್ತದ.

ದೋಆಬ್:
ಪ್ರವೇಶದ ಕಾಗದಪತ್ರ ಚುಟುಕಾಗಿ. 371(ಜೆ) ಸ್ಥಳೀಯ ವ್ಯಕ್ತಿ ಅರ್ಹತಾ ಪತ್ರ ಕೊಡುವುದು ಸಹಾಯಕ ಆಯುಕ್ತರು. ಕೌನ್ಸೆಲಿಂಗ್ ದಿನ ಓಡಾಡುವುದಲ್ಲ, ಬಿ.ಎ. ಫಲಿತಾಂಶಕ್ಕೆ ಕಾಯುವಾಗಲೇ ಅರ್ಜಿ ಹಾಕಿ. ವಿದ್ಯಾರ್ಥಿವೇತನಕ್ಕೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಬೇಕು. ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿದರೆ ಸಾಲದು, ಎನ್‌ಪಿಸಿಐ ಮ್ಯಾಪಿಂಗ್ (ಸರ್ಕಾರದ ಹಣ ಯಾವ ಖಾತೆಗೆ ಬರಬೇಕೆಂದು ನಿಗದಿ ಮಾಡುವುದು) ಕೂಡ ಆಗಿರಬೇಕು. ಹಣ ಮಂಜೂರಾಗಿಯೂ ಖಾತೆಗೆ ಬಾರದಿದ್ದರೆ ಬಹುತೇಕ ಅಡಚಣೆ ಅಲ್ಲೇ. ಪಿಯು ಉಪನ್ಯಾಸಕರಾಗಬೇಕೆಂದರೆ ಎಂ.ಎ.ಯಲ್ಲಿ ಶೇ. 55ರ ಜೊತೆ ಬಿ.ಇಡಿ. ಬೇಕು, ಅದು ಇನ್ನೆರಡು ವರ್ಷ. ಪದವಿ ಕಾಲೇಜಿಗೆ ಬಿ.ಇಡಿ. ಬೇಡ, ನೆಟ್ ಅಥವಾ ಕೆ-ಸೆಟ್ ಬೇಕು. ಯಾವ ದಾರಿ ಎಂಬುದನ್ನು ಎರಡನೇ ಸೆಮಿಸ್ಟರಿನೊಳಗೆ ತೀರ್ಮಾನಿಸಿದರೆ ಓದಿನ ತೂಕ ಎಲ್ಲಿಡಬೇಕು ಎನ್ನುವುದು ಸ್ಪಷ್ಟವಾಗುತ್ತದೆ.

ಎರಿಹೊಲ:
ಎಲ್ಲರ ಮಾತು ಓದಿ ವಿಷಯ ಹಿಂಗ ಸಣ್ಣದು ಮಾಡಿದೆ: ‘ಎಡದಂಡೆ ಕಾಲುವೆಯ ಒಂದು ಉಪಕಾಲುವೆಯ ಮೇಲ್ಭಾಗ ಮತ್ತು ಕೆಳಭಾಗದ ಹಳ್ಳಿಗಳಲ್ಲಿ ಎರಡನೇ ಬೆಳೆ ಹಾಗೂ ಗುಳೆ’. ಸಮಾಜಶಾಸ್ತ್ರ, ಎರಡು ಹಳ್ಳಿ, ತಲಾ 40 ಮನೆ. ಸರಿಯಾ?

ತೂಬು:
ಚೆನ್ನಾಗಿದೆ. ಎರಡು ತಿದ್ದುಪಡಿ. ಭೂಮಿ ಇಲ್ಲದ ಮನೆಗೆ ‘ಎರಡನೇ ಬೆಳೆ ಹಾಕಿದಿರಾ’ ಅನ್ನೋ ಪ್ರಶ್ನೆಯೇ ಇಲ್ಲ, ಆದರೆ ಕಾಲುವೆ ಬತ್ತಿದರೆ ಮೊದಲು ಗುಳೆ ಹೋಗೋರು ಅವರೇ. ಹಾಗಾಗಿ ಮನೆ ಪಟ್ಟಿಯನ್ನ ಭೂಮಿ ಇದ್ದವರು, ಇಲ್ಲದವರು ಅಂತ ಮೊದಲೇ ಎರಡಾಗಿ ಒಡೆದು ಎರಡರಿಂದಲೂ ಮಾದರಿ ತೆಗೀರಿ, ಭೂಮಿ ಇಲ್ಲದವರಿಗೆ ಕೂಲಿ ಸಿಕ್ಕ ದಿನಗಳ ಪ್ರಶ್ನೆ ಇಡ್ರಿ. ಎರಡನೇದು, ಹಳ್ಳಿ ಆರಿಸುವ ಮುಂಚೆ ಉಪಕಾಲುವೆ ಗುಂಟ ಒಮ್ಮೆ ನಡೆದು ನೋಡ್ರಿ. ಪಂಪ್‌ಸೆಟ್ ಇಟ್ಟು ಹಳ್ಳದಿಂದ ನೀರು ಎತ್ತುವ ಕೆಳಭಾಗದ ಹಳ್ಳಿ ಸಿಕ್ಕರೆ ಅದನ್ನ ಬಿಟ್ಟು ಬೇರೆ ತಗೊಳ್ರಿ, ಇಲ್ಲದಿದ್ದರೆ ಹೋಲಿಕೆ ಅಲ್ಲೇ ಕೆಟ್ಟಿತು.